ಹಳೆಯ ಕಾರಿನ ಕಿಲೋಮೀಟರ್ ಲೆಕ್ಕ: ಓಡಿದ್ದಕ್ಕೆ ಎಷ್ಟು, ನಿಂತದ್ದಕ್ಕೆ ಎಷ್ಟು?

(ಹಳೆಯ ವಾಹನದವರ ಚರ್ಚೆ; ಪ್ರತಿ ಬರಹದ ಮೇಲೆ ಬರೆದವರ ಅಂಕಿತನಾಮ ಮತ್ತು ಊರು ಇದೆ)

ಗಿರಿಸಾಲು, ಚಿಕ್ಕಮಗಳೂರು

ಪದ್ಮಿನಿಯನ್ನೋ ಅಂಬಾಸಿಡರನ್ನೋ ಕೊಳ್ಳಲು ಹೊರಟವರು ಮೊದಲು ಕೇಳುವುದು "ಲೀಟರಿಗೆ ಎಷ್ಟು ಕೊಡುತ್ತದೆ?" ಎಂದು. ಉತ್ತರ ಸಿಕ್ಕ ಕೂಡಲೇ ಪೆಟ್ರೋಲಿನ ದರವನ್ನು ಅದರಿಂದ ಭಾಗಿಸಿ, ಕಿಲೋಮೀಟರಿಗೆ ಎಂಟೋ ಒಂಬತ್ತೋ ರೂಪಾಯಿ ಬಿದ್ದೀತು ಎಂದು ನಿಶ್ಚಿಂತರಾಗುತ್ತಾರೆ. ನಮ್ಮ ಮನೆಯಲ್ಲಿ ಎಂಬತ್ತರ ದಶಕದ ಪ್ರೀಮಿಯರ್ ಪದ್ಮಿನಿ ಇದೆ. ಅದಕ್ಕೆ ಖರ್ಚಾದ ಪ್ರತಿ ರೂಪಾಯಿಯನ್ನೂ ವರ್ಷಗಳಿಂದ ಒಂದು ಪುಸ್ತಕದಲ್ಲಿ ಬರೆದಿಡುತ್ತ ಬಂದಿದ್ದೇನೆ. ಆ ಪುಸ್ತಕದ ಪ್ರಕಾರ ಪೆಟ್ರೋಲ್ ಒಟ್ಟು ಖರ್ಚಿನ ಅರ್ಧದಷ್ಟೂ ಆಗುವುದಿಲ್ಲ. ನಮ್ಮ ಜಿಲ್ಲೆಯ ಮಳೆಯಲ್ಲಿ ಹಳೆಯ ಕಾರು ಓಡುವಾಗ ತಿನ್ನುವುದಕ್ಕಿಂತ ನಿಂತಲ್ಲೇ ತಿನ್ನುವುದು ಹೆಚ್ಚು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಆದ್ದರಿಂದ ಓಡುವ ಖರ್ಚನ್ನೂ ನಿಂತ ಖರ್ಚನ್ನೂ ಬೇರೆ ಬೇರೆಯಾಗಿ ಬರೆಯದ ಹೊರತು ಲೆಕ್ಕ ಬಾಯಿ ಬಿಡುವುದಿಲ್ಲ.

ಮೊದಲು ಓಡುವ ಖರ್ಚು. 1089 ಸಿಸಿಯ ಆ ಎಂಜಿನ್, ಬೇಲೂರು ರಸ್ತೆಯ ಕಡೆ ಓಡಿದಾಗಲೂ ಕೈಮರದಿಂದ ಮೇಲಕ್ಕೆ ಗಿರಿ ಹತ್ತಿದಾಗಲೂ ಸೇರಿಸಿ, ಲೀಟರಿಗೆ ಸುಮಾರು 12 ಕಿಲೋಮೀಟರ್ ಕೊಡುತ್ತದೆ. ಲೀಟರಿಗೆ 103 ರೂಪಾಯಿ ಎಂದು ಇಟ್ಟುಕೊಂಡರೆ ಕಿಲೋಮೀಟರಿಗೆ 8.58 ರೂಪಾಯಿ. ಆಯಿಲ್, ಗ್ರೀಸ್, ಪ್ಲಗ್, ಪಾಯಿಂಟ್, ಕಂಡೆನ್ಸರ್ ಮತ್ತು ಕೂಲಿ ಸೇರಿ 2,500 ಕಿಲೋಮೀಟರಿಗೆ 3,000 ರೂಪಾಯಿ, ಅಂದರೆ ಕಿಲೋಮೀಟರಿಗೆ 1.20. ಎರಡೂ ಕೂಡಿ 9.78.

ಇನ್ನು ಕಾರು ಒಂದಡಿಯೂ ಕದಲದಿದ್ದರೂ ಕೊಡಲೇಬೇಕಾದದ್ದು. ಥರ್ಡ್ ಪಾರ್ಟಿ ವಿಮೆ ಜಿಎಸ್‌ಟಿ ಸೇರಿ 4,031. ಆರ್‌ಸಿ (ನೋಂದಣಿ ಪತ್ರ) ನವೀಕರಣದ 10,000 ರೂಪಾಯಿಯನ್ನು ಐದು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 2,000. ನಾಲ್ಕು ವರ್ಷ ಬಾಳುವ 5,000ದ ಬ್ಯಾಟರಿಗೆ 1,250. ಸ್ಟೆಪ್ನಿಯೂ ಸೇರಿ ಐದು ಟೈರುಗಳಿಗೆ 20,000 ಕೊಟ್ಟು ಆರು ವರ್ಷಕ್ಕೆ ಬದಲಿಸುತ್ತೇನೆ. ಅದು ವರ್ಷಕ್ಕೆ 3,333. ಟೈರನ್ನು ನಿಂತ ಖರ್ಚಿಗೆ ಸೇರಿಸಲು ಕಾರಣವಿದೆ. ಇಂಥ ಕಾರಿನ ಟೈರು ಸವೆದು ಸಾಯುವುದಿಲ್ಲ, ವಯಸ್ಸಾಗಿ ಸಾಯುತ್ತದೆ. ನೆಲ ತಾಗುವ ಮೈಯ ಗೀರುಗಳು ಹೊಸದರಂತೆಯೇ ಆಳವಾಗಿರುತ್ತವೆ, ಆದರೆ ಪಕ್ಕದ ಗೋಡೆಯಲ್ಲಿ ಕೂದಲೆಳೆಯಂಥ ಬಿರುಕುಗಳು ಎದ್ದಿರುತ್ತವೆ. ಬ್ರೇಕಿನ ಕಿಟ್ಟು (ರಬ್ಬರ್ ಸೀಲುಗಳು), ಹೋಸು, ಆಯಿಲ್‌ಗೆ ವರ್ಷಕ್ಕೆ 4,000. ಕೊನೆಯದು, ಎಲ್ಲಕ್ಕಿಂತ ದೊಡ್ಡದು, ತುಕ್ಕು: ಐದು ವರ್ಷಕ್ಕೊಮ್ಮೆ ಟಿಂಕರಿಂಗ್ (ತಗಡಿನ ದುರಸ್ತಿ) ಮತ್ತು ಬಣ್ಣಕ್ಕೆ 60,000 ತೆಗೆದಿಡದೆ ನಮ್ಮಲ್ಲಿ ನಡೆಯುವುದಿಲ್ಲ. ಅದು ವರ್ಷಕ್ಕೆ 12,000.

ಒಟ್ಟು 26,614 ರೂಪಾಯಿ. ವರ್ಷಕ್ಕೆ 2,500 ಕಿಲೋಮೀಟರ್ ಓಡಿಸಿದರೆ ಕಿಲೋಮೀಟರಿಗೆ 10.65. ಓಡುವ ಖರ್ಚಿನ ಜೊತೆ ಸೇರಿದರೆ 20.43. ಅದೇ ಕಾರನ್ನು 5,000 ಕಿಲೋಮೀಟರ್ ಓಡಿಸಿದರೆ 15.10ಕ್ಕೆ ಇಳಿಯುತ್ತದೆ, ಶೆಡ್ಡಿನಲ್ಲಿಟ್ಟು ಹಬ್ಬಕ್ಕೊಮ್ಮೆ ಹೊರಗೆ ತೆಗೆದು 800 ಕಿಲೋಮೀಟರ್ ಓಡಿಸಿದರೆ 43 ರೂಪಾಯಿ ದಾಟುತ್ತದೆ. ಕಾರಿಗೆ ತೊಡಗಿಸಿದ ಹಣದ ಬಡ್ಡಿಯನ್ನು ಇಲ್ಲಿ ಸೇರಿಸಿಲ್ಲ. ನಾಲ್ಕು ಲಕ್ಷದ ಕಾರಿಗೆ ಶೇಕಡಾ 7ರಂತೆ ವರ್ಷಕ್ಕೆ 28,000 ಆಗುತ್ತದೆ, ಅಂದರೆ 2,500 ಕಿಲೋಮೀಟರಿನ ಲೆಕ್ಕದಲ್ಲಿ ಇನ್ನೂ 11.20. ಪೆಟ್ರೋಲಿಗಿಂತ ಬಡ್ಡಿಯೇ ದುಬಾರಿ. ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಹಳೆಯ ವಾಹನ ಇಟ್ಟುಕೊಂಡವರು ತಮ್ಮ ಲೆಕ್ಕಗಳನ್ನು ಇದೇ ಕ್ರಮದಲ್ಲಿ ಬರೆದರೆ ಹೊಸದಾಗಿ ಕೊಳ್ಳುವವರಿಗೆ ನಿಜವಾದ ಸಹಾಯವಾಗುತ್ತದೆ.

ಹೇಮಾವತಿ ದಂಡೆ, ಹಾಸನ

ನಿಮ್ಮ ವಿಂಗಡಣೆ ಸರಿಯಾಗಿದೆ, ಆದರೆ ಬಡ್ಡಿಯ ವಿಷಯದಲ್ಲಿ ನನಗೆ ತಕರಾರಿದೆ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ನನ್ನ ಲೆಕ್ಕ.

ನನ್ನದು 1489 ಸಿಸಿಯ ಡೀಸೆಲ್ ಅಂಬಾಸಿಡರ್. ಇದು ಪ್ರದರ್ಶನದ ಕಾರಲ್ಲ, ದುಡಿಯುವ ಕಾರು. ಹಾಸನದಿಂದ ಹೊಳೆನರಸೀಪುರ, ಅರಕಲಗೂಡು ಕಡೆಯ ಓಡಾಟವೆಲ್ಲ ಅದರಲ್ಲೇ ಆಗುವುದರಿಂದ ವರ್ಷಕ್ಕೆ ಸುಮಾರು 9,000 ಕಿಲೋಮೀಟರ್ ಓಡುತ್ತದೆ. ಲೀಟರಿಗೆ 14 ಕೊಡುತ್ತದೆ. ಡೀಸೆಲ್ 91 ರೂಪಾಯಿ ಎಂದರೆ ಕಿಲೋಮೀಟರಿಗೆ 6.50. ಮೂರು ಸಾವಿರ ಕಿಲೋಮೀಟರಿಗೊಮ್ಮೆ ಆಯಿಲ್ ಮತ್ತು ಸರ್ವಿಸ್‌ಗೆ 2,500ರಂತೆ 0.83. ಇಂಜೆಕ್ಟರ್ ಮತ್ತು ಪಂಪಿನ ಕೆಲಸಕ್ಕೆಂದು ವರ್ಷಕ್ಕೆ 5,000 ಎತ್ತಿಡುತ್ತೇನೆ, ಅದು 0.56. ನನ್ನ ಟೈರು ಸವೆದೇ ಹೋಗುತ್ತದೆ, ಹಾಗಾಗಿ ಅದು ಓಡುವ ಖರ್ಚು, 0.63. ವಿಮೆ, ಆರ್‌ಸಿ, ಬ್ಯಾಟರಿ, ತುಕ್ಕಿನ ಕೆಲಸ ಎಲ್ಲ ಕೂಡಿ ವರ್ಷಕ್ಕೆ 14,500ರ ಹತ್ತಿರ, ಅಂದರೆ 1.61. ಒಟ್ಟು ಹತ್ತು ರೂಪಾಯಿಗೆ ಸ್ವಲ್ಪ ಮೇಲೆ. ನಿಮ್ಮ ಅರ್ಧ. ಹಾಸನದ ಮಳೆ ಮಲೆನಾಡಿನ ಮಳೆಯಲ್ಲ ಎಂಬುದೂ ಅಂಬಾಸಿಡರಿನ ತಗಡು ದಪ್ಪ ಎಂಬುದೂ ಇದಕ್ಕೆ ಸಹಾಯ ಮಾಡಿವೆ, ಆದರೆ ಮುಖ್ಯ ಕಾರಣ 9,000 ಎಂಬ ಸಂಖ್ಯೆಯೇ.

ಕೊಳ್ಳುವವರು ಗಮನಿಸಬೇಕಾದ ಇನ್ನೊಂದು ಅಂಶವಿದೆ. 2022ರ ಜೂನ್ 1ರಿಂದ ಜಾರಿಗೆ ಬಂದ ಥರ್ಡ್ ಪಾರ್ಟಿ ದರದಲ್ಲಿ ಖಾಸಗಿ ಕಾರುಗಳಿಗೆ ಮೂರು ಮೆಟ್ಟಿಲುಗಳಿವೆ: 1000 ಸಿಸಿಯವರೆಗೆ 2,094, ಅಲ್ಲಿಂದ 1500 ಸಿಸಿಯವರೆಗೆ 3,416, ಅದರ ಮೇಲೆ 7,897 ರೂಪಾಯಿ, ಜಿಎಸ್‌ಟಿ ಬೇರೆ. 1489 ಸಿಸಿಯ ಅಂಬಾಸಿಡರ್ ನಡುವಿನ ಮೆಟ್ಟಿಲಿನಲ್ಲಿ ಉಳಿಯುತ್ತದೆ. ತೊಂಬತ್ತರ ದಶಕದಲ್ಲಿ ಬಂದ 1800 ಸಿಸಿಯ ಇಸುಜು ಎಂಜಿನ್ನಿನ ಅಂಬಾಸಿಡರ್ ಮೇಲಿನ ಮೆಟ್ಟಿಲಿಗೆ ಹೋಗುತ್ತದೆ. ನೋಡಲು ಎರಡೂ ಒಂದೇ ಕಾರು, ವಿಮೆ ಮಾತ್ರ ಎರಡು ಪಟ್ಟಿಗೂ ಹೆಚ್ಚು. ಇಸುಜು ಎಂಜಿನ್ ಓಡಿಸಲು ಹಿತವಾಗಿದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ವರ್ಷಕ್ಕೆ ಒಂದು ಸಾವಿರ ಕಿಲೋಮೀಟರ್ ಓಡಿಸುವವರಿಗೆ ಈ ಒಂದು ವ್ಯತ್ಯಾಸವೇ ಕಿಲೋಮೀಟರಿಗೆ ಐದು ರೂಪಾಯಿಗಿಂತ ಹೆಚ್ಚು ಬೀಳುತ್ತದೆ.

ಇನ್ನು ಬಡ್ಡಿ. ಹೊಸ ಕಾರಿನ ಲೆಕ್ಕ ಹಾಕುವಾಗ ಬೆಲೆ ಇಳಿಯುವುದನ್ನು ಹಿಡಿಯುತ್ತೇವೆ. ಮೊದಲ ಐದು ವರ್ಷದಲ್ಲಿ ಅದರ ಬೆಲೆ ಅರ್ಧದ ಆಸುಪಾಸಿಗೆ ಕುಸಿಯುತ್ತದೆ. ಚೆನ್ನಾಗಿ ಇಟ್ಟ ಹಳೆಯ ಕಾರಿನ ಬೆಲೆ ಕುಸಿಯುವುದಿಲ್ಲ, ಎಷ್ಟೋ ಸಲ ಏರುತ್ತದೆ. ಹೀಗಿರುವಾಗ ಬಡ್ಡಿಯನ್ನು ಮಾತ್ರ ಖರ್ಚಿಗೆ ಹಾಕಿ ಬೆಲೆಯ ಏರಿಕೆಯನ್ನು ಜಮೆಗೆ ಹಾಕದಿರುವುದು ನ್ಯಾಯವಲ್ಲ.

ಹಳೇ ಜೀಪು, ಮೂಡಿಗೆರೆ

ತೋಟದ ಜೀಪಿನ ಲೆಕ್ಕವನ್ನೂ ಸೇರಿಸುತ್ತೇನೆ. ನಮ್ಮದು ಮಹೀಂದ್ರದ ಹಳೆಯ ಪೆಟ್ರೋಲ್ ಜೀಪು, ಎಫ್-ಹೆಡ್ ಎಂಜಿನ್, 2199 ಸಿಸಿ. ಸಿಸಿಯ ಕಾರಣದಿಂದ ವಿಮೆ ಮೇಲಿನ ಮೆಟ್ಟಿಲಿನದು, ಜಿಎಸ್‌ಟಿ ಸೇರಿ 9,318 ರೂಪಾಯಿ. ವರ್ಷಕ್ಕೆ 1,500 ಕಿಲೋಮೀಟರ್ ಓಡುವ ಗಾಡಿಗೆ ವಿಮೆಯೊಂದೇ ಕಿಲೋಮೀಟರಿಗೆ 6.21. ರಸ್ತೆಯಲ್ಲಿ ಲೀಟರಿಗೆ ಏಳೆಂಟು ಕಿಲೋಮೀಟರ್. ಪೆಟ್ರೋಲಿಗೆ 13ರಿಂದ 15 ರೂಪಾಯಿ. ಲೋ ಗೇರಿನಲ್ಲಿ ಗೊಬ್ಬರದ ಮೂಟೆ ಹೊತ್ತು ತೋಟದೊಳಗಿನ ಏರು ಹತ್ತುವಾಗ ಇದರ ಅರ್ಧವೂ ಬರುವುದಿಲ್ಲ. ಅಂಥ ಕೆಲಸವನ್ನು ಕಿಲೋಮೀಟರಿನಿಂದ ಅಳೆಯುವುದೇ ತಪ್ಪು, ಗಂಟೆಯಿಂದ ಅಳೆಯಬೇಕು. ಹಾಗಾಗಿ ತೋಟದೊಳಗಿನ ಪೆಟ್ರೋಲನ್ನು ತೋಟದ ಖಾತೆಗೂ ರಸ್ತೆಯ ಪೆಟ್ರೋಲನ್ನು ಜೀಪಿನ ಖಾತೆಗೂ ಬರೆಯುತ್ತೇವೆ.

ಹಳೆಯ ಜೀಪು ಅಥವಾ ಅರವತ್ತರ ದಶಕಕ್ಕಿಂತ ಮೊದಲಿನ ಕಾರು ಕೊಳ್ಳುವವರು ಮೀಟರನ್ನು ಸರಿಯಾಗಿ ನೋಡಬೇಕು. ಅವುಗಳಲ್ಲಿ ಎಷ್ಟೋ ಮೀಟರುಗಳು ಮೈಲಿಯಲ್ಲಿವೆ. ಒಂದು ಮೈಲಿಗೆ 1.609 ಕಿಲೋಮೀಟರ್. ಮೀಟರಿನಲ್ಲಿ 1,000 ತಿರುಗಿದ್ದರೆ ಗಾಡಿ ಓಡಿರುವುದು 1,609 ಕಿಲೋಮೀಟರ್. ಇದನ್ನು ಗಮನಿಸದೆ ಭಾಗಿಸಿದರೆ ಮೈಲೇಜು ಕೆಟ್ಟದಾಗಿಯೂ ಖರ್ಚು ಒಂದೂವರೆ ಪಟ್ಟಿಗಿಂತ ಹೆಚ್ಚಾಗಿಯೂ ಕಾಣುತ್ತದೆ, ಆಯಿಲ್ ಬದಲಿಸುವ ಗಡುವೂ ಮೀರಿಹೋಗುತ್ತದೆ.

ಜೀಪಿಗೆ ಒಂದು ದೊಡ್ಡ ಅನುಕೂಲವಿದೆ. ತಗಡು ಚಪ್ಪಟೆ. ತುಕ್ಕು ಹಿಡಿದ ಭಾಗವನ್ನು ಕತ್ತರಿಸಿ ಹೊಸ ತಗಡು ಬೆಸೆಯುವ ಕೆಲಸವನ್ನು ಮೂಡಿಗೆರೆಯ ಸಾಮಾನ್ಯ ವೆಲ್ಡಿಂಗ್ ಅಂಗಡಿಯಲ್ಲೂ ಮಾಡಿಕೊಡುತ್ತಾರೆ. ಪದ್ಮಿನಿಯ ವೀಲ್ ಆರ್ಚಿನ ಬಾಗು ತೆಗೆಯಲು ಬೇಕಾದ ಕೈ ಎಲ್ಲ ಕಡೆ ಸಿಗುವುದಿಲ್ಲ, ಸಿಕ್ಕ ಕಡೆ ಅದಕ್ಕೆ ತಕ್ಕ ಕೂಲಿ ಇರುತ್ತದೆ.

ಸ್ಪ್ಯಾನರ್ ಪೆಟ್ಟಿಗೆ, ಸಕಲೇಶಪುರ

ನಾನು ಗ್ಯಾರೇಜ್ ಕೆಲಸದವನು. ಗಿರಿಸಾಲು ಅವರು ಹೇಳಿದ ನಿಂತ ಖರ್ಚು ನನ್ನ ಕೈಗೆ ಹೇಗೆ ಬರುತ್ತದೆ ಎಂಬುದನ್ನು ಬರೆಯುತ್ತೇನೆ, ಏಕೆಂದರೆ ಮಾಲೀಕರಿಗೆ ಅದು ಬಿಲ್ಲಿನಲ್ಲಿ ಮಾತ್ರ ಕಾಣುತ್ತದೆ.

ಜೂನ್ ಮೊದಲ ವಾರ ಶೆಡ್ಡಿಗೆ ಹಾಕಿ ಅಕ್ಟೋಬರಿನಲ್ಲಿ ಹೊರತೆಗೆದ ಕಾರು ಎಂದುಕೊಳ್ಳಿ. ಗಾಳಿಯಲ್ಲಿನ ತೇವವನ್ನು ಬ್ರೇಕ್ ಆಯಿಲ್ ಹೀರಿಕೊಳ್ಳುತ್ತದೆ. ಅದು ಅದರ ಗುಣ. ಆ ನೀರು ಚಕ್ರದ ಬ್ರೇಕ್ ಶೂಗಳನ್ನು ತಳ್ಳುವ ವೀಲ್ ಸಿಲಿಂಡರಿನ ತಳದಲ್ಲಿ ನಿಲ್ಲುತ್ತದೆ. ಸಿಲಿಂಡರ್ ಬಿಚ್ಚಿ ರಬ್ಬರ್ ಟೋಪಿ ತೆಗೆದರೆ ಆಯಿಲ್ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿರುತ್ತದೆ, ಒಳಗೋಡೆಯಲ್ಲಿ ಬೆರಳಿಗೆ ತಾಗುವಂಥ ಸಣ್ಣ ಸಣ್ಣ ಕುಳಿಗಳಿರುತ್ತವೆ. ಕುಳಿ ಬಿದ್ದ ಮೇಲೆ ಹೊಸ ಕಿಟ್ಟು ಹಾಕಿ ಪ್ರಯೋಜನವಿಲ್ಲ, ಕಿಟ್ಟಿನ ತುಟಿ ಹರಿದು ಮತ್ತೆ ಸೋರುತ್ತದೆ. ಇಡೀ ಸಿಲಿಂಡರನ್ನೇ ಬದಲಿಸಬೇಕು. ಎರಡು ವರ್ಷಕ್ಕೊಮ್ಮೆ ಕೆಲವು ನೂರು ರೂಪಾಯಿಯ ಆಯಿಲ್ ಬದಲಿಸಿದ್ದರೆ ಈ ಸಾವಿರಗಳು ಉಳಿಯುತ್ತಿದ್ದವು.

ಅದೇ ನಾಲ್ಕು ತಿಂಗಳಲ್ಲಿ ಕ್ಲಚ್ ಪ್ಲೇಟು ಫ್ಲೈವೀಲಿಗೆ ಅಂಟಿಕೊಳ್ಳುವುದುಂಟು. ಪೆಡಲ್ ಒತ್ತಿದರೂ ಗೇರು ಬೀಳುವುದಿಲ್ಲ. ಅಂಟು ಬಿಡಿಸುವ ಉಪಾಯಗಳಿವೆ, ಬಿಡದಿದ್ದರೆ ಗೇರ್‌ಬಾಕ್ಸ್ ಇಳಿಸಬೇಕು. ಮಳೆಗಾಲದಲ್ಲಿ ಕ್ಲಚ್ ಪೆಡಲನ್ನು ಒತ್ತಿದ ಸ್ಥಿತಿಯಲ್ಲಿ ಮರದ ತುಂಡು ಕೊಟ್ಟು ನಿಲ್ಲಿಸಿ ಎಂದು ನನ್ನ ಗಿರಾಕಿಗಳಿಗೆ ಹೇಳುತ್ತೇನೆ. ಹ್ಯಾಂಡ್‌ಬ್ರೇಕ್ ಎಳೆದಿಡಬೇಡಿ, ಶೂಗಳು ಡ್ರಮ್ಮಿಗೆ ಹಿಡಿದುಕೊಳ್ಳುತ್ತವೆ. ಚಕ್ರಕ್ಕೆ ಕಲ್ಲು ಕೊಡಿ.

ತುಕ್ಕಿನಲ್ಲಿ ಹೊರಗೆ ಕಾಣುವುದು ಕೊನೆಯ ಹಂತ. ಪದ್ಮಿನಿಯ ಬಾಗಿಲಿನ ಕೆಳ ಅಂಚಿನಲ್ಲಿ ನೀರು ಹೊರಹೋಗಲೆಂದು ಮಾಡಿದ ಸಣ್ಣ ರಂಧ್ರಗಳಿವೆ. ಗಾಜಿನ ಬೀಡಿಂಗ್ ಒಣಗಿದ ಕಾರಿನಲ್ಲಿ ಮಳೆನೀರು ಬಾಗಿಲಿನೊಳಕ್ಕೆ ಇಳಿಯುತ್ತದೆ. ರಂಧ್ರಗಳಲ್ಲಿ ಧೂಳು, ಎಲೆಯ ಪುಡಿ, ಹಳೆಯ ಬಣ್ಣ ತುಂಬಿದ್ದರೆ ನೀರು ಅಲ್ಲೇ ಉಳಿದು ಒಳಗಿನಿಂದ ಹೊರಕ್ಕೆ ಕೊರೆಯುತ್ತ ಬರುತ್ತದೆ. ಹೊರಬಣ್ಣದಲ್ಲಿ ಗುಳ್ಳೆ ಎದ್ದಾಗ ಒಳಗೆ ತಗಡೇ ಉಳಿದಿರುವುದಿಲ್ಲ. ಮೇ ತಿಂಗಳಲ್ಲಿ ಒಂದು ತಂತಿಯಿಂದ ರಂಧ್ರಗಳನ್ನು ತೆರೆದು ಒಳಗೆ ಮೇಣ ಅಥವಾ ಗಟ್ಟಿ ಆಯಿಲ್ ಸಿಂಪಡಿಸಿದರೆ 12,000ದ ಆ ವಾರ್ಷಿಕ ಬಾಬತ್ತು ಅರ್ಧಕ್ಕಿಳಿಯಲು ಸಾಧ್ಯ. ಕಾರಿನ ಮೇಲೆ ಪ್ಲಾಸ್ಟಿಕ್ ಹೊದಿಕೆ ಮಾತ್ರ ಬೇಡ, ತೇವ ಒಳಗೇ ಉಳಿಯುತ್ತದೆ.

ನಿಂತ ಖರ್ಚು ಸ್ಥಿರವಲ್ಲ ಎಂಬುದನ್ನು ಇದರಿಂದ ತಿಳಿಯಬೇಕು. ಕಡಿಮೆ ಓಡಿಸಿದಷ್ಟೂ ಅದು ತಾನಾಗಿ ಬೆಳೆಯುತ್ತದೆ. ಗಿರಿಸಾಲು ಅವರ 800 ಕಿಲೋಮೀಟರಿನ ಕಾರಿಗೆ ಬ್ರೇಕಿನ 4,000 ಸಾಕಾಗುವುದಿಲ್ಲ.

ಹೊಸ ಓದುಗ, ಅರಸೀಕೆರೆ

ಪದ್ಮಿನಿ ಕೊಳ್ಳಬೇಕೆಂಬುದು ನನ್ನ ಬಹುದಿನದ ಬಯಕೆ. ಮೂರು ಲಕ್ಷದವರೆಗೆ ಹೊಂದಿಸಬಲ್ಲೆ. ಭಾನುವಾರಗಳಲ್ಲಿ ಮಾತ್ರ ಓಡಿಸುವುದಾದರೆ ವರ್ಷಕ್ಕೆ ಒಂದು ಸಾವಿರ ಕಿಲೋಮೀಟರ್ ಆದೀತು. ಎರಡು ಸಂಗತಿಗಳು ನನ್ನನ್ನು ಹಿಂದಕ್ಕೆ ಎಳೆಯುತ್ತಿವೆ. ಈಗ ಬಂಕುಗಳಲ್ಲಿ ಸಿಗುವ ಶೇಕಡಾ 20 ಎಥೆನಾಲ್ ಬೆರೆಸಿದ ಪೆಟ್ರೋಲ್ ಇಂಥ ಎಂಜಿನ್ನಿಗೆ ಎಷ್ಟು ಹಾನಿ ಮಾಡುತ್ತದೆ, ಅದು ಕಿಲೋಮೀಟರಿನ ಲೆಕ್ಕವನ್ನು ಎಷ್ಟು ಏರಿಸುತ್ತದೆ? ಎರಡನೆಯದಾಗಿ, ಐವತ್ತು ವರ್ಷ ದಾಟಿದ ಕಾರುಗಳಿಗೆ ಬೇರೆ ನೋಂದಣಿ ಇದೆಯಂತೆ. ಅದರಿಂದ ಖರ್ಚು ಉಳಿಯುತ್ತದೆಯೇ?

ಸ್ಪ್ಯಾನರ್ ಪೆಟ್ಟಿಗೆ, ಸಕಲೇಶಪುರ

ಪೆಟ್ರೋಲಿನ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಒಂದು ಲೀಟರ್ ಎಥೆನಾಲಿನಲ್ಲಿರುವ ಶಕ್ತಿ ಒಂದು ಲೀಟರ್ ಪೆಟ್ರೋಲಿನಲ್ಲಿರುವುದಕ್ಕಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ಐದನೇ ಒಂದು ಭಾಗ ಎಥೆನಾಲ್ ಬೆರೆತರೆ ಮೈಲೇಜು ಶೇಕಡಾ 6ರಿಂದ 7ರಷ್ಟು ಇಳಿಯುವುದು ಸಹಜ. ಲೀಟರಿಗೆ 12 ಕೊಡುತ್ತಿದ್ದದ್ದು 11.2 ಕೊಟ್ಟರೆ ಕಿಲೋಮೀಟರಿಗೆ 8.58 ಇದ್ದದ್ದು 9.20 ಆಗುತ್ತದೆ. ಅರವತ್ತು ಪೈಸೆ. ಚಿಂತಿಸಬೇಕಾದದ್ದು ಈ ಅರವತ್ತು ಪೈಸೆಗಲ್ಲ, ರಬ್ಬರಿಗೆ. ಹಳೆಯ ಪೆಟ್ರೋಲ್ ಪೈಪು, ಪಂಪಿನ ಡಯಾಫ್ರಾಮ್, ಕಾರ್ಬುರೇಟರಿನ ಸೀಲುಗಳು ಎಥೆನಾಲಿಗೆಂದು ಮಾಡಿದವಲ್ಲ. ಉಬ್ಬುತ್ತವೆ, ಮೆತ್ತಗಾಗುತ್ತವೆ, ಬಿರಿಯುತ್ತವೆ. ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ಸೋರುವುದು ಬೆಂಕಿಯ ವಿಷಯ, ಇದರಲ್ಲಿ ಉಳಿತಾಯ ನೋಡಬಾರದು. ಎಲ್ಲ ಪೈಪುಗಳನ್ನೂ ಎಥೆನಾಲ್ ತಡೆಯುವ ವಿಟಾನ್ ರಬ್ಬರಿನವಕ್ಕೆ ಬದಲಿಸಿ. ಎಥೆನಾಲ್ ನೀರನ್ನೂ ಎಳೆದುಕೊಳ್ಳುವುದರಿಂದ ಮಳೆಗಾಲದಲ್ಲಿ ಅರೆತುಂಬಿದ ಟ್ಯಾಂಕನ್ನು ತಿಂಗಳುಗಟ್ಟಲೆ ಬಿಡಬೇಡಿ. ನೀರು ಹೆಚ್ಚಾದರೆ ಎಥೆನಾಲ್ ಮತ್ತು ನೀರು ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿದು ಟ್ಯಾಂಕಿನ ತಗಡನ್ನು ತಿನ್ನುತ್ತವೆ.

ಘಟ್ಟದ ಮೇಲಿನವರಿಗೆ ಸಂಬಂಧಿಸಿದ ಒಂದು ಸಂಗತಿಯನ್ನು ಇಲ್ಲೇ ಹೇಳಿಬಿಡುತ್ತೇನೆ. ಸಾವಿರ ಮೀಟರ್ ಎತ್ತರದಲ್ಲಿ ಗಾಳಿ ಸಮುದ್ರಮಟ್ಟಕ್ಕಿಂತ ಸುಮಾರು ಹತ್ತನೇ ಒಂದು ಭಾಗ ತೆಳುವಾಗಿರುತ್ತದೆ. ಬಯಲಿಗೆ ತಕ್ಕ ಜೆಟ್ (ಪೆಟ್ರೋಲನ್ನು ಅಳೆದು ಬಿಡುವ ಸಣ್ಣ ರಂಧ್ರ) ಇರುವ ಕಾರ್ಬುರೇಟರ್ ಇಲ್ಲಿ ಪೆಟ್ರೋಲನ್ನು ಬೇಕಾದ್ದಕ್ಕಿಂತ ಹೆಚ್ಚು ಕೊಡುತ್ತದೆ, ಪ್ಲಗ್ ಕಪ್ಪಾಗುತ್ತದೆ. ಎಥೆನಾಲ್ ಇದಕ್ಕೆ ವಿರುದ್ಧ, ಮಿಶ್ರಣವನ್ನು ತೆಳು ಮಾಡುತ್ತದೆ. ಚಿಕ್ಕಮಗಳೂರಿನಲ್ಲಿ ಇವೆರಡೂ ಒಂದನ್ನೊಂದು ಬಹುಪಾಲು ಸರಿದೂಗಿಸುತ್ತವೆ, ಆದ್ದರಿಂದ ಅಲ್ಲಿನ ಕಾರುಗಳು ಹೊಸ ಪೆಟ್ರೋಲಿನಲ್ಲಿ ತಕರಾರಿಲ್ಲದೆ ಓಡುತ್ತವೆ. ಅದೇ ಕಾರು ಚಾರ್ಮಾಡಿ ಇಳಿದು ಉಜಿರೆ ದಾಟಿದ ಮೇಲೆ ಮುಗ್ಗರಿಸುತ್ತದೆ, ಬಿಸಿಯಾಗುತ್ತದೆ. ಕರಾವಳಿಗೆ ಆಗಾಗ ಹೋಗುವವರು ಮುಖ್ಯ ಜೆಟ್ಟನ್ನು ಒಂದು ಅಳತೆ ದೊಡ್ಡದು ಹಾಕಿಸಿಕೊಳ್ಳಬೇಕು. ಹಾಗೆ ಮಾಡಿದರೆ ಊರಿನಲ್ಲಿ ಮೈಲೇಜು ಸ್ವಲ್ಪ ಕೈಬಿಡುತ್ತದೆ.

ಸೀಸದ ವಿಷಯವನ್ನೂ ಕೇಳುವವರಿದ್ದಾರೆ. ಹಳೆಯ ಪೆಟ್ರೋಲಿನಲ್ಲಿದ್ದ ಸೀಸ ವಾಲ್ವ್ ಕೂರುವ ಸೀಟಿನ ಸವೆತವನ್ನು ತಡೆಯುತ್ತಿತ್ತು. ದೇಶದಲ್ಲಿ 2000ದ ಫೆಬ್ರವರಿಯಿಂದ ಸೀಸವಿಲ್ಲದ ಪೆಟ್ರೋಲ್ ಮಾತ್ರ ಮಾರಾಟವಾಗುತ್ತಿದೆ. ಅಲ್ಲಿಂದ ಇಲ್ಲಿಯವರೆಗೆ ಒಮ್ಮೆಯೂ ಹೆಡ್ ಬಿಚ್ಚದ ಹಳೆಯ ಎಂಜಿನ್ ಸಿಕ್ಕರೆ, ಮೊದಲ ಸಲ ಬಿಚ್ಚಿದಾಗ ಗಟ್ಟಿ ವಾಲ್ವ್ ಸೀಟುಗಳನ್ನು ಕೂರಿಸಿಬಿಡಿ. ಒಮ್ಮೆ ಮಾಡಿದರೆ ಮುಗಿಯಿತು.

ಗಿರಿಸಾಲು, ಚಿಕ್ಕಮಗಳೂರು

ನೋಂದಣಿಯ ಪ್ರಶ್ನೆಗೆ ನನ್ನ ಉತ್ತರ. ಕೇಂದ್ರ ಸಾರಿಗೆ ಸಚಿವಾಲಯ 2021ರ ಜುಲೈನಲ್ಲಿ ಹೊರಡಿಸಿದ ನಿಯಮಗಳ ಪ್ರಕಾರ, ಐವತ್ತು ವರ್ಷ ದಾಟಿದ, ಮೂಲ ಸ್ವರೂಪವನ್ನು ಹೆಚ್ಚಾಗಿ ಬದಲಿಸದ, ವ್ಯಾಪಾರಕ್ಕೆ ಬಳಸದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಅವಧಿ. ನಂತರದ ನವೀಕರಣಕ್ಕೆ 5,000. ಮೊದಲ ಹತ್ತು ವರ್ಷಕ್ಕೆ ಇದನ್ನು ಹಂಚಿದರೆ ವರ್ಷಕ್ಕೆ 2,000. ಇಪ್ಪತ್ತು ವರ್ಷ ದಾಟಿದ ಸಾಮಾನ್ಯ ಕಾರಿನ ನವೀಕರಣಕ್ಕೆ 2025ರ ಆಗಸ್ಟಿನಿಂದ ಐದು ವರ್ಷಕ್ಕೆ 10,000 ಆಗಿರುವುದರಿಂದ ಅದೂ ವರ್ಷಕ್ಕೆ 2,000ವೇ. ಅಂದರೆ ಮೊದಲ ದಶಕದಲ್ಲಿ ನೋಂದಣಿ ಶುಲ್ಕದಲ್ಲಿ ಏನೂ ಉಳಿಯುವುದಿಲ್ಲ. ಆದರೆ ವಿಂಟೇಜ್ ನೋಂದಣಿಯ ವಾಹನವನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ ತುಂಬಿಸುವುದು, ದುರಸ್ತಿ ಇಂಥವಕ್ಕೆ ಮಾತ್ರ ಅನುಮತಿ. ಓಡುವ ಕಿಲೋಮೀಟರುಗಳೇ ಕಡಿಮೆಯಾದ ಮೇಲೆ ಪ್ರತಿ ಕಿಲೋಮೀಟರಿನ ಮೇಲೆ ಬೀಳುವ ಹೊರೆ ಹೆಚ್ಚಾಗುತ್ತದೆ. ಓಡಿಸುವುದಕ್ಕಾಗಿ ಕಾರು ಕೊಳ್ಳುವವರಿಗೆ ಸಾಮಾನ್ಯ ನೋಂದಣಿಯೇ ಸರಿ. ಹೇಗೂ ಪದ್ಮಿನಿ ಎಂಬ ಹೆಸರಿನಿಂದ ಬಂದ ಕಾರುಗಳು ಎಪ್ಪತ್ತರ ದಶಕದ ನಡುವಿನಿಂದ ಈಚಿನವು. ಬಹುಪಾಲು ಕಾರುಗಳಿಗೆ ಇನ್ನೂ ಐವತ್ತು ತುಂಬಿಲ್ಲ.

ಬಡ್ಡಿಯ ವಿಷಯದಲ್ಲಿ ಹೇಮಾವತಿ ದಂಡೆಯವರ ಮಾತನ್ನು ಅರ್ಧ ಒಪ್ಪುತ್ತೇನೆ. ಬೆಲೆ ಏರುವುದು ಚೆನ್ನಾಗಿ ಇಟ್ಟ ಕಾರಿಗೆ ಮಾತ್ರ. ಚೆನ್ನಾಗಿ ಇಡಲು ಖರ್ಚಾಗುವ 60,000 ರೂಪಾಯಿಯೇ ಆ ಏರಿಕೆಯನ್ನು ಕೊಂಡುಕೊಂಡ ಬೆಲೆ. ಟಿಂಕರಿಂಗಿನ ಬಿಲ್ಲನ್ನು ಖರ್ಚಿಗೆ ಬರೆದವರು ಏರಿಕೆಯನ್ನು ಜಮೆಗೆ ಬರೆದುಕೊಳ್ಳಲಿ, ನನ್ನ ಆಕ್ಷೇಪವಿಲ್ಲ. ಆದರೆ ಮಾರುವ ದಿನದವರೆಗೆ ಆ ಜಮೆ ಕೈಗೆ ಬರುವುದಿಲ್ಲ, ಬಡ್ಡಿ ಮಾತ್ರ ಪ್ರತಿ ವರ್ಷವೂ ಕೈತಪ್ಪುತ್ತದೆ. ಹಾಗಾಗಿ ನಾನು ಎರಡನ್ನೂ ಮುಖ್ಯ ಲೆಕ್ಕದಿಂದ ಹೊರಗಿಟ್ಟು ಪುಟದ ಕೆಳಗೆ ಬೇರೆಯಾಗಿ ಬರೆಯುತ್ತೇನೆ.

ಹೇಮಾವತಿ ದಂಡೆ, ಹಾಸನ

ಬೇರೆಯಾಗಿ ಬರೆಯುವುದಾದರೆ ನನ್ನ ತಕರಾರಿಲ್ಲ. ಆದರೆ ಈಗ ಇನ್ನೊಂದು ಪ್ರಶ್ನೆ ಏಳುತ್ತದೆ. ಹೆಚ್ಚು ಓಡಿಸಿದರೆ ಕಿಲೋಮೀಟರಿನ ಖರ್ಚು ಇಳಿಯುತ್ತದೆ ಎಂದು ಎಲ್ಲರೂ ಹೇಳುತ್ತಿದ್ದೇವೆ. ಜೇಬಿನಿಂದ ಹೋಗುವ ಹಣ ಇಳಿಯುತ್ತದೆ ಎಂದು ಅರಸೀಕೆರೆಯ ಗೆಳೆಯರು ಭಾವಿಸಬಾರದು. ಅವರದೇ ಸಂಖ್ಯೆಗಳನ್ನು ನೋಡೋಣ. ಅರಸೀಕೆರೆ ಒಣ ಸೀಮೆ, ತುಕ್ಕಿನ 12,000ದ ಬದಲು 5,000 ಸಾಕು. ನಿಂತ ಖರ್ಚು ವರ್ಷಕ್ಕೆ 19,614ಕ್ಕೆ ಇಳಿಯಿತು. ಭಾನುವಾರದ ಸಾವಿರ ಕಿಲೋಮೀಟರ್ ಮಾತ್ರವಾದರೆ ಕಿಲೋಮೀಟರಿಗೆ 29.39, ವರ್ಷದ ಒಟ್ಟು ಖರ್ಚು 29,394. ವಾರಕ್ಕೊಮ್ಮೆ ಹಾಸನಕ್ಕೆ ಹೋಗಿಬರುವುದನ್ನೂ ಅದೇ ಕಾರಿನಲ್ಲಿ ಮಾಡಿ 5,300 ಕಿಲೋಮೀಟರ್ ಓಡಿಸಿದರೆ ಕಿಲೋಮೀಟರಿಗೆ 13.48, ವರ್ಷದ ಒಟ್ಟು 71,448. ದರ ಅರ್ಧಕ್ಕಿಂತ ಕೆಳಗಿಳಿಯಿತು, ಖರ್ಚು ಎರಡು ಪಟ್ಟು ದಾಟಿತು.

ಹೆಚ್ಚುವರಿ 4,300 ಕಿಲೋಮೀಟರ್ ನಿಮಗೆ ಹೇಗೂ ಓಡಲೇಬೇಕಾದ ದೂರವಾಗಿದ್ದರೆ ಮಾತ್ರ ಇದು ಲಾಭ. ಮನೆಯ ಇನ್ನೊಂದು ಕಾರು ಲೀಟರಿಗೆ 16 ಕೊಡುವುದಾದರೆ ಆ ದೂರಕ್ಕೆ ಅದು ಪೆಟ್ರೋಲನ್ನೇ 27,700ರಷ್ಟು ತಿನ್ನುತ್ತಿತ್ತು, ಅದರ ಸವೆತ ಬೇರೆ. ಪದ್ಮಿನಿಗೆ ಅದೇ ದೂರಕ್ಕೆ ಬೀಳುವ ಹೆಚ್ಚುವರಿ ಖರ್ಚು 42,054. ವ್ಯತ್ಯಾಸ ಹದಿನಾಲ್ಕು ಸಾವಿರದ ಆಸುಪಾಸು. ವರ್ಷವಿಡೀ ವಾರಕ್ಕೊಮ್ಮೆ ಆ ಕಾರಿನ ಸ್ಟಿಯರಿಂಗ್ ಪಕ್ಕದ ಗೇರನ್ನು ಎಳೆಯುತ್ತ ಹೋಗಿಬರುವ ಸಂತೋಷಕ್ಕೆ ಅದು ದುಬಾರಿಯೋ ಅಲ್ಲವೋ ಎಂಬುದನ್ನು ಅವರವರೇ ನಿರ್ಧರಿಸಬೇಕು. ನನಗೆ ಅದು ದುಬಾರಿಯಲ್ಲ.

ಹಳೇ ಜೀಪು, ಮೂಡಿಗೆರೆ

ಅರಸೀಕೆರೆಯವರಿಗೆ ನನ್ನದೊಂದು ಸೂಚನೆ: ಬಿಡಿಭಾಗಗಳನ್ನು ಲೆಕ್ಕಕ್ಕೆ ಹಿಡಿಯಿರಿ. ಅಂಬಾಸಿಡರ್ ತಯಾರಿಕೆ 2014ರವರೆಗೂ ನಡೆದದ್ದರಿಂದ ಅದರ ಬಿಡಿಭಾಗಗಳಿಗೆ ಹೆಚ್ಚು ತೊಂದರೆಯಿಲ್ಲ. ಪದ್ಮಿನಿಗೆ ಎಂಜಿನ್ನಿನ ಭಾಗಗಳು ಇನ್ನೂ ದೊರೆಯುತ್ತವೆ, ಆದರೆ ಗಾಜು, ಬೀಡಿಂಗ್, ದೀಪದ ರಿಮ್ಮು, ಬಾಗಿಲಿನ ಹಿಡಿಗಳಿಗೆ ಹುಡುಕಾಡಬೇಕು. ಮದ್ರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ 948 ಸಿಸಿಯದಾದರೆ ವಿಮೆ ಕೆಳಗಿನ ಮೆಟ್ಟಿಲಿನದು ಎಂದು ಯಾರಾದರೂ ಆಸೆ ಹುಟ್ಟಿಸಬಹುದು. ವಿಮೆಯಲ್ಲಿ ಉಳಿದ ಸಾವಿರದೈನೂರು ರೂಪಾಯಿ ಅದರ ಒಂದು ಬಿಡಿಭಾಗ ಹುಡುಕುವ ಪ್ರಯಾಣಕ್ಕೂ ಸಾಲದು.

ಹೊಸ ಓದುಗ, ಅರಸೀಕೆರೆ

ಎಲ್ಲರಿಗೂ ಕೃತಜ್ಞತೆಗಳು. ಹಾಸನದ ವಾರದ ಓಡಾಟವನ್ನು ಪದ್ಮಿನಿಯಲ್ಲೇ ಮಾಡುವುದೆಂದು ನಿಶ್ಚಯಿಸಿದ್ದೇನೆ, ಆದರೆ ಮೂರು ಲಕ್ಷವನ್ನೂ ಕಾರಿಗೇ ಸುರಿಯದೆ ಎರಡು ಲಕ್ಷದ ಕಾರು ನೋಡಿ, ಉಳಿದ ಒಂದು ಲಕ್ಷವನ್ನು ಬ್ರೇಕು, ಪೈಪು, ಟೈರು ಮತ್ತು ತಗಡಿಗೆ ಇಟ್ಟುಕೊಳ್ಳುವುದು ಜಾಣತನವೇ? ನೋಡಲು ಹೋದಾಗ ಮೊದಲು ಎಲ್ಲಿ ಕೈ ಹಾಕಬೇಕು?

ಸ್ಪ್ಯಾನರ್ ಪೆಟ್ಟಿಗೆ, ಸಕಲೇಶಪುರ

ಎರಡು ಲಕ್ಷದ ಕಾರಿನ ತಗಡು ಗಟ್ಟಿಯಾಗಿದ್ದು ಎಂಜಿನ್ ದಣಿದಿದ್ದರೆ ನಿಮ್ಮ ಯೋಜನೆ ಸರಿ. ಎಂಜಿನ್ ಚೆನ್ನಾಗಿದ್ದು ತಗಡು ಹೋಗಿದ್ದರೆ ಸರಿಯಲ್ಲ. ಎಂಜಿನ್ ಕೆಲಸಕ್ಕೆ ಕೊನೆ ಇದೆ, ತುಕ್ಕಿನ ಕೆಲಸ ಬಿಚ್ಚಿದಷ್ಟೂ ಬೆಳೆಯುತ್ತದೆ. ಹೊಸ ಬಣ್ಣ ಹೊಡೆದು ಮಾರಾಟಕ್ಕಿಟ್ಟ ಕಾರಿಗಿಂತ ಹಳೆಯ ಬಣ್ಣ ಮಾಸಿದ ಕಾರು ವಾಸಿ, ಅದು ತನ್ನ ದೋಷವನ್ನು ಮುಚ್ಚಿಡುವುದಿಲ್ಲ.

ಮೊದಲು ಮುಂದಿನ ಸೀಟಿನ ಕೆಳಗಿನ ಚಾಪೆ ಎತ್ತಿ ನೆಲದ ತಗಡನ್ನು ಹೆಬ್ಬೆರಳಿನಿಂದ ಒತ್ತಿ. ಆಮೇಲೆ ಜಾಕ್ ಕೊಡುವ ಜಾಗ, ಬಾಗಿಲಿನ ಕೆಳಗಿನ ಸಿಲ್, ಹಿಂದಿನ ಸ್ಪ್ರಿಂಗ್ ಪಟ್ಟೆ ಸೇರುವ ಕೊಂಡಿ. ಬಟ್ಟೆ ಸುತ್ತಿದ ಒಂದು ಸಣ್ಣ ಅಯಸ್ಕಾಂತ ಜೇಬಿನಲ್ಲಿರಲಿ. ಪುಟ್ಟಿ ತುಂಬಿದ ಕಡೆ ಅದು ಹಿಡಿಯುವುದಿಲ್ಲ. ಟೈರಿನ ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿಗಳನ್ನು ಓದಿ: ಮೊದಲೆರಡು ವಾರ, ಕೊನೆಯೆರಡು ವರ್ಷ. 2316 ಎಂದಿದ್ದರೆ 2016ರ 23ನೇ ವಾರದ ಟೈರು. ಗೀರು ಎಷ್ಟೇ ಆಳ ಉಳಿದಿದ್ದರೂ ಅದಕ್ಕೆ ಬೆಲೆ ಕಟ್ಟಬೇಡಿ. ಕಾರು ತಣ್ಣಗಿರುವಾಗಲೇ ಬರುತ್ತೇವೆಂದು ಮಾಲೀಕರಿಗೆ ಮೊದಲೇ ಹೇಳಿ, ಅವರು ಬಿಸಿ ಮಾಡಿಟ್ಟಿರಬಾರದು. ಕಿಂಗ್‌ಪಿನ್ (ಮುಂದಿನ ಚಕ್ರ ಎಡಬಲಕ್ಕೆ ತಿರುಗುವ ಗೂಟ) ಸವೆದಿದೆಯೇ ಎಂದು ನೋಡಲು ಮುಂದಿನ ಚಕ್ರವನ್ನು ಜಾಕಿನಿಂದ ಎತ್ತಿ, ಮೇಲೊಂದು ಕೆಳಗೊಂದು ಕೈ ಹಿಡಿದು ಅಲುಗಾಡಿಸಿ. ಒಬ್ಬರು ಬ್ರೇಕ್ ಪೆಡಲ್ ಒತ್ತಿ ಹಿಡಿದಾಗಲೂ ಆಟ ಉಳಿದಿದ್ದರೆ ಅದು ಬೇರಿಂಗಿನದಲ್ಲ, ಕಿಂಗ್‌ಪಿನ್ನಿನದು. ಕೊಂಡ ಮೇಲೆ ಗ್ರೀಸ್ ಗನ್ ಒಂದನ್ನು ಮನೆಯಲ್ಲೇ ಇಟ್ಟುಕೊಂಡು ಎರಡು ಸಾವಿರ ಕಿಲೋಮೀಟರಿಗೊಮ್ಮೆ ಎಲ್ಲ ನಿಪ್ಪಲ್‌ಗಳಿಗೂ ಹೊಡೆಯಿರಿ, ಹಳೆಯ ಗ್ರೀಸ್ ಹೊರಬಂದು ಹೊಸದು ಕಾಣುವವರೆಗೆ.

ವಾರಕ್ಕೊಮ್ಮೆ ಹಾಸನಕ್ಕೆ ಹೋಗುವ ಕಾರಿಗೆ ನಾನು ಹಿಂದೆ ಬರೆದ ಮಳೆಗಾಲದ ಕಟ್ಟುಪಾಡುಗಳು ಬೇಕಾಗುವುದಿಲ್ಲ. ಯಾವುದಾದರೂ ಕಾರಣಕ್ಕೆ ಓಡಾಟ ನಿಂತರೆ ಎರಡು ವಾರಕ್ಕೊಮ್ಮೆ ಇಪ್ಪತ್ತು ಮೂವತ್ತು ಕಿಲೋಮೀಟರ್ ಓಡಿಸಿ ಆಯಿಲ್ ಪೂರ್ತಿ ಬಿಸಿಯಾಗಲು ಬಿಡಿ; ಶೆಡ್ಡಿನಲ್ಲೇ ಹತ್ತು ನಿಮಿಷ ಸ್ಟಾರ್ಟ್ ಮಾಡಿ ನಿಲ್ಲಿಸಿದರೆ ಎಂಜಿನ್ನಿನೊಳಗೆ ಕೂಡಿದ ತೇವ ಆವಿಯಾಗದೆ ಆಯಿಲಿನಲ್ಲೇ ಉಳಿಯುತ್ತದೆ, ಬ್ಯಾಟರಿಯೂ ತುಂಬುವುದಿಲ್ಲ.